ಕಾಯುವ ಕಾಲದ ಕಳವಳ

2021ನೆಯ ಇಸವಿಯ ಮೇ ತಿಂಗಳು. ಕೋವಿಡ್ ಸೋಂಕಿನ ಎರಡನೆಯ ಅಲೆ ನಾಡಿನ ಮೇಲೆ ಹಾಯುತ್ತಿದ್ದ ದಿನಗಳು. ನಮ್ಮ ಅಣ್ಣನವರನ್ನು ನಗರದ ಒಂದು ಆಸ್ಪತ್ರೆಗೆ ಸೇರಿಸಿ ಬಂದಿದ್ದೆವು. ಸೇರಿಸಿ ಬಂದೆವು ಎನ್ನುವುದಕ್ಕಿಂತ ಬಾಗಿಲಲ್ಲಿ ಒಪ್ಪಿಸಿ ಬಂದೆವು ಎಂದರೆ ಸರಿಯಾದೀತು. ಒಳಗೆ ಹೋಗಲು ಮನೆಯವರಿಗೆ ಅಪ್ಪಣೆಯಿರಲಿಲ್ಲ. ರೋಗಿಯ ಸ್ಥಿತಿಯನ್ನು ಆಸ್ಪತ್ರೆಯವರೇ ದೂರವಾಣಿಯಲ್ಲಿ ತಿಳಿಸುವರೆಂದು ಹೇಳಿದ್ದರು, ತಿಳಿಸುತ್ತಲೂ ಇದ್ದರು. ಆದರೆ ಯಾವ ಹೊತ್ತಿಗೆ ಎಂಬುದಕ್ಕೆ ನಿಯಮವಿರಲಿಲ್ಲ. ಒಂದು ದಿನ ಬೆಳಗಿನ ಎಂಟು ಗಂಟೆಗೆ, ಮರುದಿನ ನಡುರಾತ್ರಿಯಲ್ಲಿ, ಅದರ ಮರುದಿನ ಇಲ್ಲವೇ ಇಲ್ಲ. ಅತ್ತಿಗೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಲೆಯ ಮುಂದೆ ನಿಲ್ಲುತ್ತಿದ್ದರು. ಸ್ನಾನಕ್ಕೆ ಹೋಗುವಾಗ ಮಗಳ ಕೈಗೆ ಕೊಟ್ಟು ಹೋಗುತ್ತಿದ್ದರು. ಬೀದಿಯಲ್ಲಿ ತರಕಾರಿಯವನ ಫೋನು ದನಿಗೈದರೂ ಮನೆಯವರೆಲ್ಲರ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಐದು ದಿನಗಳ ಕಾಲ ಆ ಮನೆಯಲ್ಲಿ ಯಾರೂ ಒಂದು ಹೊತ್ತು ನೆಮ್ಮದಿಯಿಂದ ಉಂಡದ್ದನ್ನು ನಾನು ಕಾಣೆ.

ಆರನೆಯ ದಿನ ಆ ವಾರ್ಡಿಗೆ ಬೇರೊಬ್ಬ ದಾದಿ ಬಂದರು. ಇನ್ನು ಮುಂದೆ ದಿನವೂ ಸಂಜೆ ಆರು ಗಂಟೆಗೆ ತಾನೇ ಕರೆದು ಸಮಾಚಾರ ಹೇಳುವುದಾಗಿ ಆಕೆ ತಿಳಿಸಿದರು, ಹೇಳಿದಂತೆಯೇ ನಡೆದುಕೊಂಡರು. ಆ ಮುಂದಿನ ಮೂರು ದಿನಗಳಲ್ಲಿ ಬಂದ ಸುದ್ದಿ ಹಿಂದಿನದಕ್ಕಿಂತ ಒಳ್ಳೆಯದೇನೂ ಆಗಿರಲಿಲ್ಲ. ಒಂದು ಸಂಜೆಯಂತೂ ಆಮ್ಲಜನಕದ ಪ್ರಮಾಣವನ್ನು ಹೆಚ್ಚಿಸಬೇಕಾಯಿತೆಂದು ಹೇಳಿದರು. ಆದರೂ ಮನೆಯ ರೀತಿ ಬದಲಾಯಿತು. ಮಧ್ಯಾಹ್ನ ಎಲೆ ಹಾಕಿ ಕುಳಿತು ಊಟ ಮಾಡಿದೆವು. ಅತ್ತಿಗೆ ಎರಡು ಗಂಟೆ ಮಲಗಿದರು. ಅವರ ಮಗಳು ಪುಸ್ತಕ ಹಿಡಿದಳು. ಸಂಜೆ ಐದು ಗಂಟೆಯಾಯಿತೆಂದರೆ ಮತ್ತೆ ಎಲ್ಲರಿಗೂ ತಳಮಳ. ಆದರೆ ಅದು ಐದರಿಂದ ಆರರವರೆಗಿನ ತಳಮಳ.

ಅಣ್ಣನವರು ಗುಣಮುಖರಾಗಿ ಹತ್ತೊಂಬತ್ತನೆಯ ದಿನ ಮನೆಗೆ ಬಂದರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ವಾಚಕರನ್ನು ಕಾಯಿಸುವುದು ಅದರ ವಿಷಯಕ್ಕೇ ವಿರೋಧವಾದೀತು.

ಸುದ್ದಿ ಸುಧಾರಿಸದಿದ್ದರೂ ಸುದ್ದಿ ಬರುವ ಹೊತ್ತು ಗೊತ್ತಾದ ಮಾತ್ರಕ್ಕೆ ಮನಸ್ಸಿಗೆ ಇಷ್ಟು ಹಗುರವೆನಿಸಲು ಕಾರಣವೇನು? ಕಷ್ಟಕಾಲದಲ್ಲಿ ನಮ್ಮನ್ನು ಬಾಧಿಸುವುದು ಕಷ್ಟವೊಂದೇ ಅಲ್ಲ. ಕಷ್ಟ ಬಂದೀತೋ ಬಾರದೋ, ಬಂದರೆ ಎಂದು ಬಂದೀತು ಎಂದು ತಿಳಿಯದಿರುವ ಸಂದಿಗ್ಧ ಸ್ಥಿತಿ ಬೇರೊಂದು ಬಾಧೆ. ಎರಡನ್ನೂ ನಾವು ಚಿಂತೆಯೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಎರಡಕ್ಕೂ ಮದ್ದು ಒಂದೇ ಅಲ್ಲ. ಈ ಭೇದವನ್ನು ವಿಜ್ಞಾನಿಗಳು ಹೇಗೆ ಕಂಡುಕೊಂಡರೆಂಬುದು ಸ್ವಾರಸ್ಯವಾದ ಕಥೆ.

ದೇಹದ ಸಿದ್ಧತೆ

ಅಪಾಯವನ್ನು ಕಂಡ ಪ್ರಾಣಿಯ ಶರೀರದಲ್ಲಿ ನಡೆಯುವ ಮಾರ್ಪಾಡುಗಳನ್ನು ಕ್ರಮವಾಗಿ ಪರಿಶೀಲಿಸಿದವರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಮುಖ್ಯನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ತಾನಿನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, ಆಗ ತಾನೇ ಬಳಕೆಗೆ ಬಂದಿದ್ದ ಕ್ಷ-ಕಿರಣಗಳ ನೆರವಿನಿಂದ ಬೆಕ್ಕಿನ ಜಠರದ ಚಲನೆಯನ್ನು ಅವನು ನೋಡುತ್ತಿದ್ದನು. ಬೆಕ್ಕು ಶಾಂತವಾಗಿದ್ದಾಗ ಜಠರವು ಅಲೆಅಲೆಯಾಗಿ ಚಲಿಸಿ ಆಹಾರವನ್ನು ಅರೆಯುತ್ತಿತ್ತು. ಬೆಕ್ಕು ಗಾಬರಿಗೊಂಡರೆ ಆ ಚಲನೆ ಥಟ್ಟನೆ ನಿಂತುಬಿಡುತ್ತಿತ್ತು. ಸಮಾಧಾನಪಡಿಸಿದರೆ ಮತ್ತೆ ಮೊದಲಾಗುತ್ತಿತ್ತು. ಈ ಸಣ್ಣ ಸಂಗತಿಯನ್ನು ಹಿಡಿದು ಹೊರಟ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯ ಮತ್ತು ಕ್ರೋಧಗಳ ಸಮಯದಲ್ಲಿ ದೇಹವು ಹೋರಾಟಕ್ಕೋ ಪಲಾಯನಕ್ಕೋ ಸನ್ನದ್ಧವಾಗುವ ಬಗೆಯನ್ನು ವಿವರಿಸಿದನು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ತೀವ್ರವಾಗುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ರಕ್ತವು ಕರುಳಿನಿಂದ ಹಿಂದೆಗೆದು ಕೈಕಾಲುಗಳ ಸ್ನಾಯುಗಳ ಕಡೆಗೆ ಹರಿಯುತ್ತದೆ. ಪರೀಕ್ಷೆಯ ದಿನ ತಿಂಡಿ ಸೇರದಿರುವುದೂ, ಕೆಟ್ಟ ಸುದ್ದಿ ಕೇಳಿದಾಗ ಬಾಯಿ ಒಣಗುವುದೂ ಈ ಸಿದ್ಧತೆಯ ಭಾಗಗಳೇ.

ಇದರ ಬೆನ್ನಿಗೆ ನಿಧಾನವಾದ ಇನ್ನೊಂದು ವ್ಯವಸ್ಥೆಯೂ ಎಚ್ಚರಗೊಳ್ಳುತ್ತದೆ. ಮೆದುಳಿನ ಬುಡದಿಂದ ಹೊರಟ ಆಜ್ಞೆ ಪಿಟ್ಯುಟರಿ ಗ್ರಂಥಿಯನ್ನೂ, ಅಲ್ಲಿಂದ ಅಡ್ರಿನಲ್ ಗ್ರಂಥಿಯ ಹೊರಪದರವನ್ನೂ ತಲುಪಿ, ಕಾರ್ಟಿಸಾಲ್ ಎಂಬ ಹಾರ್ಮೋನು ಸ್ರವಿಸುತ್ತದೆ. ಇದು ಅಡ್ರಿನಲಿನ್ನಿನಂತೆ ಕ್ಷಣದ ಆಳಲ್ಲ. ಗಂಟೆಗಳ ಲೆಕ್ಕದ ಕೆಲಸಗಾರ. ದೇಹದ ಉಳಿದ ಖರ್ಚುಗಳನ್ನು ತಡೆಹಿಡಿದು ಮುಂಬರುವ ಯುದ್ಧಕ್ಕೆ ದವಸ ಒದಗಿಸುವುದು ಇದರ ಪಾತ್ರ. 1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದನು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯಗೊಳಿಸಿದರೂ, ಮಿತಿಮೀರಿ ದುಡಿಸಿದರೂ, ವಿಷದ್ರವ್ಯ ಚುಚ್ಚಿದರೂ ಪರಿಣಾಮ ಮಾತ್ರ ಒಂದೇ ತೆರನಾಗಿತ್ತು: ಅಡ್ರಿನಲ್ ಗ್ರಂಥಿಗಳು ಹಿಗ್ಗಿದ್ದವು, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣುಗಳಾಗಿದ್ದವು. ಅಪಾಯವನ್ನು ಎದುರಿಸಲೆಂದು ಇರುವ ಸಿದ್ಧತೆಯೇ ಬಹುಕಾಲ ಮುಂದುವರಿದರೆ ಅಪಾಯವಾಗುತ್ತದೆಂಬುದು ಇದರಿಂದ ಹೊರಪಟ್ಟಿತು.

ಬಂಡೀಪುರದ ಕಾಡಿನಲ್ಲಿ ಸೀಳುನಾಯಿಗಳು ಜಿಂಕೆಯನ್ನು ಅಟ್ಟಿದರೆ ಆ ಓಟ ಹೆಚ್ಚು ಹೊತ್ತು ನಡೆಯುವುದಿಲ್ಲ. ಜಿಂಕೆ ಸಿಕ್ಕಿಬೀಳುತ್ತದೆ, ಇಲ್ಲವೆ ತಪ್ಪಿಸಿಕೊಂಡು ಕೊಂಚ ಹೊತ್ತಿನಲ್ಲೇ ಮೇಯತೊಡಗುತ್ತದೆ. ಬರುವ ತಿಂಗಳು ಸೀಳುನಾಯಿ ಬಂದೀತೇ ಎಂಬ ಪ್ರಶ್ನೆ ಅದಕ್ಕಿಲ್ಲ. ಮನುಷ್ಯನಿಗೆ ಆ ಪ್ರಶ್ನೆ ಇದೆ. ಮುಂದಿನದನ್ನು ಮುಂಚೆಯೇ ಊಹಿಸುವ ಮೆದುಳು ನಮಗೆ ಕೃಷಿಯನ್ನೂ ಕಣಜವನ್ನೂ ಕೊಟ್ಟಿತು. ಅದರ ಜೊತೆಗೆ, ಇನ್ನೂ ಬಾರದ ಅಪಾಯಕ್ಕೆ ಇಂದೇ ಅಡ್ರಿನಲಿನ್ ಸುರಿಸುವ ಅಭ್ಯಾಸವನ್ನೂ ಕೊಟ್ಟಿತು.

ಗಂಟೆ ಕೇಳಿದ ಇಲಿ, ಕೇಳದ ಇಲಿ

ಇಲ್ಲಿಯವರೆಗಿನದು ಪೆಟ್ಟಿನ ಮಾತಾಯಿತು. ಪೆಟ್ಟನ್ನೂ ಅನಿಶ್ಚಯವನ್ನೂ ಬೇರ್ಪಡಿಸಿ ತೂಗಿದ ಕೀರ್ತಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಜೇ ವೈಸ್ ಎಂಬ ಮನಃಶಾಸ್ತ್ರಜ್ಞನಿಗೆ ಸಲ್ಲಬೇಕು. 1970ರ ಆಸುಪಾಸಿನಲ್ಲಿ ಅವನು ನಡೆಸಿದ ಪ್ರಯೋಗದ ಏರ್ಪಾಡು ಬಹು ಸರಳವಾಗಿತ್ತು. ಎರಡು ಇಲಿಗಳ ಬಾಲಕ್ಕೆ ಒಂದೇ ತಂತಿಯ ಮೂಲಕ ವಿದ್ಯುದಾಘಾತ. ಒಂದಕ್ಕೆ ಎಷ್ಟು ಬಾರಿಯೋ ಇನ್ನೊಂದಕ್ಕೂ ಅಷ್ಟೇ ಬಾರಿ. ಒಂದಕ್ಕೆ ಎಷ್ಟು ತೀಕ್ಷ್ಣವೋ ಇನ್ನೊಂದಕ್ಕೂ ಅಷ್ಟೇ. ವ್ಯತ್ಯಾಸವಿಷ್ಟೆ: ಮೊದಲನೆಯ ಇಲಿಗೆ ಆಘಾತಕ್ಕೆ ಮುನ್ನ ಒಂದು ದನಿ ಕೇಳಿಸುತ್ತಿತ್ತು. ಎರಡನೆಯದಕ್ಕೂ ದನಿ ಕೇಳಿಸುತ್ತಿತ್ತು. ಆದರೆ ಆ ದನಿಗೂ ಆಘಾತಕ್ಕೂ ಸಂಬಂಧವಿರಲಿಲ್ಲ. ಆಘಾತವೇ ಇಲ್ಲದ ಮೂರನೆಯ ಇಲಿಯೊಂದು ಹೋಲಿಕೆಗೆಂದು ಇತ್ತು. ಕೊನೆಯಲ್ಲಿ ಜಠರಗಳನ್ನು ಪರೀಕ್ಷಿಸಿದಾಗ, ಮುನ್ಸೂಚನೆ ದೊರೆತ ಇಲಿಯ ಹುಣ್ಣುಗಳು ಆಘಾತವೇ ಇಲ್ಲದ ಇಲಿಗಿಂತ ಸ್ವಲ್ಪವೇ ಹೆಚ್ಚಾಗಿದ್ದವು. ಮುನ್ಸೂಚನೆಯಿಲ್ಲದ ಇಲಿಯ ಜಠರದಲ್ಲಿ ಹುಣ್ಣುಗಳು ಬಹಳವಾಗಿದ್ದವು.

ಮುನ್ಸೂಚನೆಯ ಉಪಕಾರವೆಂಥದು? ಪೆಟ್ಟಿಗೆ ಸಿದ್ಧವಾಗಲು ಅದು ಅವಕಾಶ ಕೊಡುತ್ತದೆಂದು ಯಾರಾದರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಗಂಟೆ ಬಾರಿಸಿದರೆ ಅಪಾಯವೆಂದು ಗೊತ್ತಾದ ಮೇಲೆ, ಗಂಟೆ ಬಾರಿಸದಿರುವಷ್ಟು ಕಾಲವೂ ಅಭಯವೇ. ಆಗ ದೇಹವು ಸಿದ್ಧತೆಯನ್ನು ಸಡಿಲಿಸಬಹುದು. ಗಂಟೆಯೇ ಇಲ್ಲದಿದ್ದಲ್ಲಿ ಅಭಯದ ಕ್ಷಣವೆಂಬುದೇ ಇಲ್ಲ. ಮದುವೆಮನೆಯ ಅಡಿಗೆಯವರನ್ನು ಕೇಳಿ ನೋಡಿ. ದಿಬ್ಬಣ ರಾತ್ರಿ ಹತ್ತಕ್ಕೆ ಬರುತ್ತದೆಂದು ಖಚಿತವಾಗಿ ಗೊತ್ತಿದ್ದರೆ ಅವರು ಒಲೆಯನ್ನು ಇಳಿಸಿ ಒಂದು ನಿದ್ದೆ ತೆಗೆಯುತ್ತಾರೆ. ಯಾವ ಕ್ಷಣದಲ್ಲಾದರೂ ಬಂದೀತೆಂದರೆ ಉರಿ ಹಾಗೆಯೇ ಇರಬೇಕು. ಸೌದೆ ಉರಿಯುತ್ತದೆ, ಹುಳಿ ತಳ ಹಿಡಿಯುತ್ತದೆ, ಉಣ್ಣುವವರು ಮಾತ್ರ ಇಲ್ಲ. ನಮ್ಮ ಹಳ್ಳಿಗಳಲ್ಲಿ ನೀರಾವರಿ ಪಂಪಿಗೆ ತ್ರೀ ಫೇಸ್ ವಿದ್ಯುತ್ತಿಗಾಗಿ ಕಾಯುವ ರೈತರಿಗೂ ಈ ಸಂಗತಿ ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಎದ್ದು ಹೋಗುವುದು ಕಷ್ಟವೇ. ಎಷ್ಟು ಗಂಟೆಗೆ ಬರುತ್ತದೋ ತಿಳಿಯದೆ ಪಂಪ್‌ಹೌಸಿನ ಬಳಿ ಕಣ್ಣು ತೆರೆದು ಮಲಗುವುದು ಇನ್ನೂ ಕಷ್ಟ.

ಜಠರದ ಹುಣ್ಣಿನ ಮಾತು ಬಂದುದರಿಂದ ಒಂದು ತಿದ್ದುಪಡಿಯನ್ನು ಸೇರಿಸಬೇಕು. ಒಂದು ಕಾಲದಲ್ಲಿ ಮನುಷ್ಯರ ಜಠರದ ಹುಣ್ಣಿಗೆ ಚಿಂತೆಯೇ ಮೂಲವೆಂದು ವೈದ್ಯರು ನಂಬಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರು ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಪ್ರಧಾನ ಕಾರಣವೆಂದು ತೋರಿಸಿದರು; 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಾಗಾಗಿ ಹೊಟ್ಟೆ ನೋವಿನವರು 'ಎಲ್ಲವೂ ಚಿಂತೆಯಿಂದ' ಎಂದು ಸುಮ್ಮನಿರದೆ ವೈದ್ಯರಲ್ಲಿ ಹೋಗತಕ್ಕದ್ದು. ಚಿಂತೆಯ ಪಾತ್ರ ಅಲ್ಲಿ ಸಹಾಯಕನದು, ನಾಯಕನದಲ್ಲ.

ಇಲಿಗಳಿಗೆ ಹೊಂದಿದ್ದು ಮನುಷ್ಯರಿಗೂ ಹೊಂದೀತೇ ಎಂದು ಸಂಶಯಪಡುವವರಿಗೆ 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಉತ್ತರ ಕೊಟ್ಟರು. ನಲವತ್ತೈದು ಮಂದಿ ಸ್ವಯಂಸೇವಕರು ಗಣಕಯಂತ್ರದ ಪರದೆಯ ಮೇಲೆ ಕಲ್ಲುಗಳನ್ನು ನೋಡಿ, ಅವುಗಳ ಅಡಿಯಲ್ಲಿ ಹಾವಿದೆಯೋ ಇಲ್ಲವೋ ಊಹಿಸಬೇಕಿತ್ತು. ಹಾವಿದ್ದರೆ ಕೈಗೆ ನೋವಾಗುವಷ್ಟು ವಿದ್ಯುದಾಘಾತ. ಹಾವಿರುವ ಸಂಭವವನ್ನು ಹೆಚ್ಚುಕಡಮೆ ಮಾಡುತ್ತ, ಅವರ ಬೆವರನ್ನೂ ಕಣ್ಣಿನ ಪಾಪೆಯ ಹಿಗ್ಗುವಿಕೆಯನ್ನೂ ಅಳೆದರು. ಕಳವಳ ಅತ್ಯಧಿಕವಾಗಿದ್ದುದು ಆಘಾತ ಖಂಡಿತವೆಂದು ತಿಳಿದಾಗ ಅಲ್ಲ. ಆಗಬಹುದು ಆಗದಿರಬಹುದು ಎಂಬ ಸರಿಪಾಲಿನ ಸ್ಥಿತಿಯಲ್ಲಿ. ಕಳವಳವು ಅನಿಶ್ಚಯಕ್ಕೆ ತಕ್ಕಂತೆ ಏರಿಳಿಯುತ್ತಿದ್ದವರು ಹಾವಿನ ಊಹೆಯಲ್ಲಿಯೂ ಮುಂದಿದ್ದರು ಎಂಬುದು ಇನ್ನೊಂದು ಸಂಗತಿ. ಎಂದರೆ, ಕಳವಳವು ಮೆದುಳಿನ ದೋಷವಲ್ಲ. ತಿಳಿಯದುದನ್ನು ಬೇಗ ತಿಳಿದುಕೋ ಎಂದು ಅದು ನಮ್ಮನ್ನು ತಿವಿಯುವ ಮುಳ್ಳುಗೋಲು. ತಿಳಿಯಲು ಸಾಧ್ಯವೇ ಇಲ್ಲದಲ್ಲಿಯೂ ಅದು ತಿವಿಯುತ್ತಲೇ ಇರುವುದು ನಮ್ಮ ದುರದೃಷ್ಟ.

ಇದಕ್ಕಿಂತ ಗಂಭೀರವಾದ ನಿದರ್ಶನವೊಂದನ್ನು ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದರು. ಹಂಟಿಂಗ್ಟನ್ ಕಾಯಿಲೆ ಎಂಬುದೊಂದಿದೆ. ಬಹುಮಟ್ಟಿಗೆ ನಡುವಯಸ್ಸಿನಲ್ಲಿ ಕಾಣಿಸಿಕೊಂಡು, ಅಂಗಾಂಗಗಳ ಮೇಲಿನ ಹಿಡಿತವನ್ನೂ ಬುದ್ಧಿಯನ್ನೂ ಕ್ರಮೇಣ ಕಸಿದುಕೊಳ್ಳುವ ಆನುವಂಶಿಕ ರೋಗ. ಇದನ್ನು ಗುಣಪಡಿಸುವ ಔಷಧವಿಲ್ಲ. ತಾಯಿಗೋ ತಂದೆಗೋ ಈ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಸರಿಪಾಲು. ಪರೀಕ್ಷೆಯಿಂದ ಮೊದಲೇ ತಿಳಿಯುವ ಅನುಕೂಲ ಬಂದಾಗ, ರೋಗ ಬರುವುದು ಬಹುಮಟ್ಟಿಗೆ ನಿಜವೆಂದು ತಿಳಿದವರು ಕುಸಿದುಹೋಗುವರೆಂದು ಎಲ್ಲರೂ ಅಂಜಿದ್ದರು. ಪರೀಕ್ಷೆಗೆ ಬಂದವರನ್ನು ಒಂದು ವರ್ಷದವರೆಗೆ ಗಮನಿಸಲಾಯಿತು. ರೋಗದ ಭಯ ತಗ್ಗಿದವರು ನೆಮ್ಮದಿಯಾಗಿದ್ದರು, ಅದು ಸಹಜ. ಭಯ ಹೆಚ್ಚಿದವರಿಗೂ ಮೊದಲ ಆಘಾತ ಕಳೆದ ಮೇಲೆ ಖಿನ್ನತೆ ಕಡಮೆಯಾಗಿತ್ತು. ವರ್ಷದ ಕೊನೆಯಲ್ಲಿ ಹೆಚ್ಚು ಬಳಲಿದ್ದವರು ಯಾರೆಂದರೆ, ಪರೀಕ್ಷೆಯಿಂದ ಏನೂ ತೀರ್ಮಾನವಾಗದೆ ಹಿಂದಿನ ಸಂದಿಗ್ಧದಲ್ಲಿಯೇ ಉಳಿದವರು. ಕೆಟ್ಟದ್ದು ಖಚಿತವಾದರೆ ಮನುಷ್ಯನು ಅದರ ಸುತ್ತ ಬದುಕನ್ನು ಹೊಂದಿಸಿಕೊಳ್ಳಬಲ್ಲನು. ಖಚಿತವಾಗದಿದ್ದಾಗ ಯಾವುದಕ್ಕೆ ಹೊಂದಿಸಿಕೊಳ್ಳಬೇಕು?

ಸಾಗರದ ಮೀನು, ಕೊಳದ ಮೀನು

ಈ ಸ್ಥಿತಿಯನ್ನು ಮನುಷ್ಯರು ಬಹು ಹಿಂದಿನಿಂದಲೂ ಬಲ್ಲರು. ಅದಕ್ಕೆ ತಮ್ಮದೇ ಪರಿಹಾರಗಳನ್ನೂ ಹುಡುಕಿಕೊಂಡಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲಸಿದ್ದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಒಂದು ವಿಶೇಷವನ್ನು ಗಮನಿಸಿದನು. ದಂಡೆಯ ಒಳಗಿನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನ ಜನ ಯಾವ ಮಂತ್ರತಂತ್ರವನ್ನೂ ಮಾಡುತ್ತಿರಲಿಲ್ಲ. ಅಲ್ಲಿ ಮೀನು ಸಿಗುವುದು ಖಚಿತ, ಅಪಾಯವೂ ಇಲ್ಲ. ತೆರೆದ ಸಾಗರಕ್ಕೆ ಹೋಗುವಾಗ ಮಾತ್ರ ವಿಧಿವಿಧಾನಗಳು ವಿಸ್ತಾರವಾಗಿದ್ದವು. ತಿಳಿವಳಿಕೆಯ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆಚಾರ ಮೊದಲಾಗುತ್ತಿತ್ತು.

ನಮ್ಮಲ್ಲಿಯೂ ಹಾಗೆಯೇ ಅಲ್ಲವೆ? ಕಾಲುವೆಯ ನೀರಿರುವ ಗದ್ದೆಯವನಿಗಿಂತ ಮಳೆಯನ್ನೇ ನಂಬಿದ ಬಯಲುಸೀಮೆಯವನು ಹೆಚ್ಚಾಗಿ ಮಳೆ ನಕ್ಷತ್ರಗಳ ಲೆಕ್ಕ ಹಾಕುತ್ತಾನೆ. ಮೃಗಶಿರೆ ಹೋಯಿತು, ಇನ್ನು ಆರಿದ್ರೆ ಎಷ್ಟನೆಯ ತಾರೀಖಿಗೆ ಹುಟ್ಟುತ್ತದೆ ಎಂದು ಅವನು ಕೇಳುವಾಗ, ಅಂಕೆಯಿಲ್ಲದ ಕಾಲಕ್ಕೆ ಗೆಣ್ಣುಗಳನ್ನು ಕಟ್ಟುತ್ತಿರುತ್ತಾನೆ. ನಮ್ಮ ಅತ್ತಿಗೆ ಆ ಐದು ದಿನಗಳಲ್ಲಿ ತಪ್ಪದೆ ಮಾಡಿದ ಕೆಲಸವೊಂದೇ, ಮುಸ್ಸಂಜೆಯ ದೀಪ ಹಚ್ಚುವುದು. ದೀಪದಿಂದ ಶ್ವಾಸಕೋಶ ಗುಣವಾಗುವುದಿಲ್ಲವೆಂಬುದು ಆಕೆಗೂ ಗೊತ್ತು. ಆದರೆ ಆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದ ಸಂಗತಿ ಅದೊಂದೇ ಆಗಿತ್ತು. ವಿಚಾರವಂತರು ಇಂಥವನ್ನು ಮೂಢತನವೆಂದು ತಳ್ಳಿಹಾಕುವ ಮುನ್ನ ಅದು ಮಾಡುವ ಕೆಲಸವೇನೆಂದು ನೋಡಬೇಕೆಂದು ನನ್ನ ಅಭಿಪ್ರಾಯ. ಚಿಕಿತ್ಸೆಯ ಬದಲಿಗೆ ಅದನ್ನು ನೆಚ್ಚಿದರೆ ಅದು ಬೇರೆ ಮಾತು.

ಸಣ್ಣದಾದರೂ ತನ್ನ ಕೈಯಲ್ಲಿರುವ ಕೆಲಸಕ್ಕೆ ಇಷ್ಟು ಬಲವೇಕೆಂಬುದಕ್ಕೆ ಮೆದುಳಿನ ಅಧ್ಯಯನದಿಂದ ಒಂದು ಸುಳಿವು ದೊರೆತಿದೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬಿಬ್ಬರು, ಏನು ಮಾಡಿದರೂ ಆಘಾತ ನಿಲ್ಲದೆಂದು ಕಂಡುಕೊಂಡ ನಾಯಿಗಳು ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದರೂ ಯತ್ನಿಸದೆ ಮುದುಡಿ ಮಲಗುವುದನ್ನು ತೋರಿಸಿ, ಅಸಹಾಯಕತೆಯೂ ಕಲಿತ ಗುಣವೇ ಎಂದು ಸಾರಿದ್ದರು. ಸುಮಾರು ಐವತ್ತು ವರ್ಷಗಳ ಅನಂತರ, 2016ರಲ್ಲಿ, ಅವರೇ ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ವಿಜ್ಞಾನಿಗಳಲ್ಲಿ ಈ ಗುಣ ಅಪರೂಪವಾದುದರಿಂದ ಇದನ್ನು ಹೇಳದೆ ಬಿಡಲಾರೆ. ದೀರ್ಘಕಾಲದ ಕಷ್ಟದಲ್ಲಿ ಮುದುಡಿ ಕೂಡುವುದು ಮೆದುಳಿನ ಸಹಜ ಪ್ರತಿಕ್ರಿಯೆ. ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದುದು, 'ಇಲ್ಲಿ ನನ್ನಿಂದ ಏನೋ ಆಗುತ್ತದೆ' ಎಂಬ ಅರಿವು. ಅಂಥ ಅನುಭವ ಒದಗಿದಾಗ ಹಣೆಯ ಹಿಂದಿನ ಮೆದುಳಿನ ಭಾಗವು ಅದನ್ನು ಗುರುತಿಸಿ, ಕೆಳಗಿನ ಭಾಗಗಳ ಗಾಬರಿಯನ್ನು ಅಡಗಿಸುತ್ತದೆ. ಒಮ್ಮೆ ಹೀಗೆ ಪಳಗಿದ ಪ್ರಾಣಿ ಮುಂದೆ ಬೇರೆ ಕಷ್ಟದಲ್ಲಿಯೂ ಬೇಗ ಕುಗ್ಗುವುದಿಲ್ಲ.

ಮಾಡಬಹುದಾದುದೇನು?

ಕಷ್ಟದಲ್ಲಿರುವವರಿಗೆ ಬಂಧುಗಳು ಹೇಳುವ ಮೊದಲ ಮಾತು 'ಧೈರ್ಯವಾಗಿರಿ, ಎಲ್ಲಾ ಒಳ್ಳೆಯದೇ ಆಗುತ್ತದೆ' ಎಂಬುದು. ಸದುದ್ದೇಶದ ಮಾತು, ಪ್ರಯೋಜನ ಅಷ್ಟಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರೀಕ್ಷೆಗೆ ಕುಳಿತವರು ಫಲಿತಾಂಶಕ್ಕಾಗಿ ನಾಲ್ಕು ತಿಂಗಳು ಕಾಯಬೇಕಾಗುತ್ತಿತ್ತು. ಅವರನ್ನು ಅಭ್ಯಸಿಸಿದ ಮನಃಶಾಸ್ತ್ರಜ್ಞರು 2016ರಲ್ಲಿ ತಿಳಿಸಿದಂತೆ, ಒಳ್ಳೆಯದಾಗುತ್ತದೆಂದು ತಮ್ಮನ್ನು ತಾವೇ ನಂಬಿಸಲು ಹೆಣಗಿದವರ ತಳಮಳವೇನೂ ಇಳಿದಿರಲಿಲ್ಲ. ಸೋತ ಸುದ್ದಿ ಬಂದಾಗ ಅದನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವರು, ಕಾಯುವಾಗ ತಳಮಳಿಸಿದವರೇ. ಆದುದರಿಂದ ಕಾಯುವಾಗ ಕಳವಳವಾಗುತ್ತಿದೆಯೆಂದು ನಾಚಿಕೊಳ್ಳಬೇಕಾಗಿಲ್ಲ. ಅದನ್ನು ಇಲ್ಲವಾಗಿಸುವ ಬದಲು ಅದಕ್ಕೊಂದು ಎಲ್ಲೆ ಹಾಕುವುದು ಸಾಧ್ಯವಾದ ಕೆಲಸ.

ಮೊದಲು ಮಾಡತಕ್ಕದ್ದು ಕೇಳುವುದು. ನಮಗೆ ತಿಳಿಯದ ವಿಷಯ ಯಾರಿಗೆ ಗೊತ್ತು, ಎಂದಿಗೆ ಗೊತ್ತಾಗುತ್ತದೆ? ರೋಗದ ತಪಾಸಣೆಯ ವರದಿಯಾದರೆ ಯಾವ ದಿನ, ಯಾವ ಹೊತ್ತಿಗೆ, ಯಾರು ಕೊಡುತ್ತಾರೆ? ಉತ್ತರ ದೊರೆತರೆ ಆ ದಿನದವರೆಗೆ ಮನಸ್ಸಿಗೆ ಒಂದು ಗಡುವು ಸಿಕ್ಕಿತು. ನಮ್ಮ ಜನ ವೈದ್ಯರನ್ನೂ ಅಧಿಕಾರಿಗಳನ್ನೂ ಹೀಗೆ ಕೇಳಲು ಸಂಕೋಚಪಡುತ್ತಾರೆ, ಪಡಬಾರದು. ಸುದ್ದಿ ಕೈಯಲ್ಲಿರುವವರಿಗೂ ಇಲ್ಲೊಂದು ಕರ್ತವ್ಯವಿದೆ. ವೈದ್ಯರು, ಪರೀಕ್ಷಾ ಮಂಡಲಿಗಳು, ಕೆಲಸದವರನ್ನು ತೆಗೆಯುವುದೋ ಉಳಿಸಿಕೊಳ್ಳುವುದೋ ಎಂದು ಯೋಚಿಸುತ್ತಿರುವ ಕಾರ್ಖಾನೆಯ ಯಜಮಾನರು, ಹೇಳಲು ಇನ್ನೂ ಏನೂ ಇಲ್ಲದಿದ್ದರೂ 'ಗುರುವಾರ ಹೇಳುತ್ತೇವೆ' ಎಂದಾದರೂ ಹೇಳಿ, ಗುರುವಾರ ಮಾತು ಉಳಿಸಿಕೊಳ್ಳಬೇಕು. ಆ ದಾದಿಗೆ ಇದಕ್ಕೆ ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ.

ಗಡುವೇ ಇಲ್ಲದ ಅನಿಶ್ಚಯಗಳೂ ಉಂಟು: ಯುದ್ಧ, ಬರ, ಸಾಂಕ್ರಾಮಿಕ, ಉದ್ಯೋಗದ ಅಭದ್ರತೆ. ಇಲ್ಲಿ ಗಡುವನ್ನು ನಾವೇ ಹಾಕಿಕೊಳ್ಳಬೇಕು. ಸುದ್ದಿಯನ್ನು ದಿನಕ್ಕೆ ಒಂದೋ ಎರಡೋ ನಿಶ್ಚಿತ ವೇಳೆಯಲ್ಲಿ ನೋಡಿ ಮುಚ್ಚಿಡುವುದು ಒಳ್ಳೆಯದು. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ನಗರದ ಓಟದ ಪಂದ್ಯದಲ್ಲಿ ಬಾಂಬು ಸಿಡಿಯಿತು. ಆ ಬಳಿಕದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಕಾಲ ಅದರ ಸುದ್ದಿಯನ್ನೇ ನೋಡುತ್ತಿದ್ದವರು, ಸ್ಥಳದಲ್ಲಿದ್ದವರಿಗಿಂತ ಹೆಚ್ಚಿನ ತೀವ್ರ ಉದ್ವೇಗದ ಲಕ್ಷಣಗಳನ್ನು ತೋರಿದರೆಂದು ಅಲ್ಲಿನ ಅಧ್ಯಯನವೊಂದು ತಿಳಿಸಿತು. ಮೊದಲೇ ಕಳವಳಗೊಳ್ಳುವ ಸ್ವಭಾವದವರು ಸುದ್ದಿಯನ್ನು ಹೆಚ್ಚಾಗಿ ನೋಡುವರೆಂಬುದೂ ನಿಜವಿರಬಹುದು. ಏನೇ ಇರಲಿ, ಕೈಯಲ್ಲಿನ ಫೋನು ಈಗ ನಮಗೆಲ್ಲ ಸಂಬಂಧವಿಲ್ಲದ ಗಂಟೆಗಳನ್ನು ಬಾರಿಸುತ್ತಿದೆ. ವೈಸ್‌ನ ಎರಡನೆಯ ಇಲಿಯನ್ನು ನೆನೆದರೆ ಸಾಕು.

ಚಿಂತೆಗೂ ಹೀಗೆಯೇ ವೇಳೆ ಗೊತ್ತುಮಾಡಬಹುದು. ಇದು ಹಾಸ್ಯದ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಟಾಮಸ್ ಬೋರ್ಕೊವೆಕ್ ಮತ್ತು ಅವನ ಸಂಗಡಿಗರು 1983ರಲ್ಲಿ ಇದನ್ನು ಪರೀಕ್ಷಿಸಿದರು. ದಿನವೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅರ್ಧ ಗಂಟೆ ಚಿಂತಿಸಬೇಕು. ಬೇರೆ ಹೊತ್ತಿನಲ್ಲಿ ಚಿಂತೆ ತಲೆಯೆತ್ತಿದರೆ 'ಸಂಜೆಗೆ ಬಾ' ಎಂದು ಮುಂದಕ್ಕೆ ಹಾಕಿ ಕೈಯಲ್ಲಿನ ಕೆಲಸಕ್ಕೆ ಮರಳಬೇಕು. ನಾಲ್ಕು ವಾರಗಳಲ್ಲಿ ಚಿಂತೆಯ ಕಾಲ ಗಣನೀಯವಾಗಿ ಇಳಿಯಿತು. ಚಿಂತಿಸಬೇಡ ಎಂದರೆ ಮನಸ್ಸು ಕೇಳುವುದಿಲ್ಲ; ಆಮೇಲೆ ಚಿಂತಿಸು ಎಂದರೆ ಬಹುಮಟ್ಟಿಗೆ ಕೇಳುತ್ತದೆ. ಮಲಗುವ ಕೋಣೆಯನ್ನೂ ಮಲಗುವ ಹೊತ್ತನ್ನೂ ಇದಕ್ಕೆ ಆರಿಸಿಕೊಳ್ಳಬಾರದಷ್ಟೆ. ಆ ಅರ್ಧ ಗಂಟೆಯಲ್ಲಿ ಭಯವನ್ನು ಹೆಸರಿಟ್ಟು ಕಾಗದದ ಮೇಲೆ ಬರೆಯುವುದು ಇನ್ನೂ ಮೇಲು. ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನ ಆಳದಲ್ಲಿ ಬಾದಾಮಿಯಾಕಾರದಲ್ಲಿರುವ, ಭಯದ ಎಚ್ಚರಿಕೆ ಕೊಡುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು 2007ರ ಪ್ರಯೋಗವೊಂದು ತೋರಿಸಿತು.

ದೇಹದ ಕಡೆಯಿಂದಲೂ ಕೆಲಸ ಮಾಡಬೇಕು. ಓಡಲೆಂದು ಸಿದ್ಧವಾದ ಸ್ನಾಯುಗಳಿಗೆ ಓಟ ಸಿಗದಿದ್ದರೆ ಅರ್ಧ ಗಂಟೆಯ ಬಿರುಸಾದ ನಡಿಗೆಯಾದರೂ ಸಿಗಲಿ. ಉಸಿರನ್ನು ಒಳಗೆ ಎಳೆದಾಗ ಹೃದಯದ ಬಡಿತ ಕೊಂಚ ಏರುತ್ತದೆ, ಹೊರಗೆ ಬಿಟ್ಟಾಗ ವೇಗಸ್ ಎಂಬ ನರದ ಪ್ರಭಾವದಿಂದ ಇಳಿಯುತ್ತದೆ; ಯಾರಾದರೂ ತಮ್ಮ ನಾಡಿಯನ್ನು ಹಿಡಿದು ಇದನ್ನು ಪರೀಕ್ಷಿಸಬಹುದು. ಆದ ಕಾರಣ ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುವವರೆಗೆ ಬಿಡುತ್ತ ಐದು ನಿಮಿಷ ಕುಳಿತರೆ ಗಾಬರಿ ಹತೋಟಿಗೆ ಬರುತ್ತದೆ. ನಿದ್ರೆಯ ವಿಷಯದಲ್ಲಿ ಉದಾಸೀನ ಸಲ್ಲದು. ಸುಮಾರು 35 ಗಂಟೆಗಳ ಕಾಲ ನಿದ್ರೆಯಿಲ್ಲದವರಿಗೆ ಭಯಾನಕ ಚಿತ್ರಗಳನ್ನು ತೋರಿಸಿದಾಗ ಅಮಿಗ್ಡಲದ ಪ್ರತಿಕ್ರಿಯೆ ನಿದ್ರಿಸಿದವರಿಗಿಂತ ಶೇಕಡಾ 60ರಷ್ಟು ಹೆಚ್ಚಾಗಿತ್ತು. ಮದ್ಯ ಕುಡಿದರೆ ನಿದ್ರೆ ಬರುತ್ತದೆಂಬುದು ಅರ್ಧ ಸತ್ಯ. ಬಂದ ನಿದ್ರೆ ನಡುರಾತ್ರಿಯಿಂದಾಚೆಗೆ ಹರಿದುಹೋಗುತ್ತದೆ.

ಜೊತೆಯವರ ಮಾತೊಂದು ಉಳಿಯಿತು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹದಿನಾರು ಮಂದಿ ವಿವಾಹಿತ ಮಹಿಳೆಯರಿಗೆ, ಯಾವ ಕ್ಷಣದಲ್ಲಾದರೂ ಸಣ್ಣ ವಿದ್ಯುದಾಘಾತ ಆಗಬಹುದೆಂದು ಹೇಳಿ, ಅವರ ಮೆದುಳಿನ ಚಿತ್ರ ತೆಗೆದರು. ಪತಿಯ ಕೈ ಹಿಡಿದುಕೊಂಡಿದ್ದಾಗ ಅಪಾಯಕ್ಕೆ ಮಿಡಿಯುವ ಭಾಗಗಳು ಬಹುಮಟ್ಟಿಗೆ ಶಾಂತವಾಗಿದ್ದವು. ಅಪರಿಚಿತರ ಕೈಯಿಂದಲೂ ಸ್ವಲ್ಪ ಪ್ರಯೋಜನವಾಯಿತು. ದಾಂಪತ್ಯ ಎಷ್ಟು ಸೌಹಾರ್ದವೋ ಶಾಂತಿ ಅಷ್ಟು ಹೆಚ್ಚೆಂದೂ ಕಂಡುಬಂದಿತು, ಗಂಡಂದಿರು ಗಮನಿಸಬಹುದು. ಕಾಯುವವರ ಬಳಿ ಉಪದೇಶವಿಲ್ಲದೆ ಸುಮ್ಮನೆ ಕುಳಿತುಕೊಳ್ಳುವುದು, ಅವರ ಮನೆಗೆ ಒಂದು ಹೊತ್ತಿನ ಸಾರು ಅನ್ನ ಕಳುಹಿಸುವುದು, ಇವು ಹೇಳಿದ ಧೈರ್ಯಕ್ಕಿಂತ ಮೇಲಾದ ಉಪಚಾರಗಳು.

ಇಷ್ಟರಿಂದ ಎಲ್ಲರಿಗೂ ಗುಣವಾಗುವುದೆಂದು ನಾನು ಹೇಳುತ್ತಿಲ್ಲ. ಮಂಕುತನವೋ ಗಾಬರಿಯೋ ಎರಡು ವಾರಗಳಾದರೂ ಇಳಿಯದೆ, ನಿದ್ರೆ ಊಟಗಳು ಕೆಟ್ಟು, ದಿನದ ಕೆಲಸವೇ ಸಾಗದಂತಾದರೆ ಅದು ವೈದ್ಯರ ಕ್ಷೇತ್ರ. ಬದುಕು ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಕೂಡದು. ಅಂದೇ ಯಾರಲ್ಲಿಯಾದರೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು; ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯೇ ಕರೆಯಬೇಕೆಂದಿಲ್ಲ, ಮನೆಯವರೂ ಕರೆದು ಕೇಳಬಹುದು.